ಔಟಾದವರ ಸಾಲಿನಲ್ಲಿ

ಆಟ ನಿಲ್ಲಿಸಿದ ಮೇಲೆ ಮೈ ಬಂತು, ಮನಸ್ಸೂ ಸರಿಯಿಲ್ಲ ಎಂದು ನನ್ನ ಬಳಿ ಬರುವ ಮಾಜಿ ಆಟಗಾರರು ಹೆಚ್ಚುತ್ತಿದ್ದಾರೆ. ಅವರಿಗೆ ನಾನು ಕೊಡುವ ಒಂದು ಸಲಹೆ ಕೆಲವು ತರಬೇತುದಾರರಿಗೆ ಹಿಡಿಸಿಲ್ಲ. ಆದ್ದರಿಂದ ಒಬ್ಬರ ಒಪ್ಪಿಗೆ ಪಡೆದು, ಗುರುತು ಮರೆಸಿ ಬರೆಯುತ್ತಿದ್ದೇನೆ.

ಮೂವತ್ತು ದಾಟಿದ ಹೆಣ್ಣುಮಗಳು, ಕಬಡ್ಡಿಯಲ್ಲಿ ರೇಡರ್. ಮೊಣಕಾಲಿನ ಲಿಗಮೆಂಟ್ ಹರಿದು ಆಟ ಮುಗಿಯಿತು. ಕ್ರೀಡಾ ಕೋಟಾದ ನೌಕರಿ, ಗಂಡ, ಮಗು ಇದ್ದಾರೆ. ಹಿಂದೆ ಮಹಿಳಾ ಕಬಡ್ಡಿಯ 75 ಕೆ.ಜಿ. ತೂಕದ ಮಿತಿಯೊಳಗಿರಲು ರಾತ್ರಿಯೂಟ ಬಿಟ್ಟು, ಸ್ವೆಟರ್ ತೊಟ್ಟು ಓಡುತ್ತಿದ್ದವರು ಈಗ ತೂಕದ ಯಂತ್ರವನ್ನು ಮಂಚದಡಿ ತಳ್ಳಿದ್ದರು.

ಜಿಮ್ ಪ್ರಯತ್ನಿಸಿದಿರಾ ಎಂದೆ.

“ಹೋದೆ ಮೇಡಂ. ಅಲ್ಲಿ ಯಾರ ಪರವಾಗಿ ಬೆವರಲಿ?”

ಆಮೇಲೆ ಅವರೇ ಮುಂದುವರಿಸಿದರು: “ಔಟಾದವರು ಅಂಕಣದ ಹೊರಗೆ ಸಾಲಾಗಿ ಕೂರುತ್ತೇವೆ. ನಮ್ಮವರು ಎದುರಾಳಿಯನ್ನು ಔಟ್ ಮಾಡಿದರೆ ಮೊದಲು ಔಟಾದವಳು ಒಳಗೆ ಬರುತ್ತಾಳೆ. ನಾನು ಕೂತೇ ಇದ್ದೇನೆ. ನನಗಾಗಿ ರೇಡ್‌ಗೆ ಹೋಗುವವರೇ ಇಲ್ಲ.”

ಕಚೇರಿಯಲ್ಲಿ ಇಂದಿಗೂ ಅವರನ್ನು “ನಮ್ಮ ಕಬಡ್ಡಿ ಮೇಡಂ” ಎಂದೇ ಪರಿಚಯಿಸುತ್ತಾರಂತೆ. ಪ್ರೀತಿಯಿಂದಲೇ ಹೇಳುತ್ತಾರೆ, ನಿಜ. ಆದರೆ ಆ ಪ್ರೀತಿಯೂ ಅವರನ್ನು ಅದೇ ಸಾಲಿನಲ್ಲಿ ಕೂರಿಸುತ್ತಿತ್ತು.

ನನ್ನ ಸಲಹೆ: ಒಂದು ವರ್ಷ ಕಬಡ್ಡಿ ಅಂಕಣದ ಕಡೆ ಹೋಗಬೇಡಿ, ತರಬೇತಿ ಕೊಡಲಿಕ್ಕೂ ಬೇಡ. ಇದು ಕ್ರೂರವೆಂದು ತರಬೇತುದಾರರೊಬ್ಬರು ಫೋನಿನಲ್ಲೇ ರೇಗಿದರು. ಕೊರಳಿಗೆ ಸೀಟಿ ಹಾಕಿ ಮೈದಾನಕ್ಕೆ ಕಳಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಎಲ್ಲರ ಸಿದ್ಧ ಔಷಧ. ಕೆಲವರಿಗೆ ಅದು ಒಗ್ಗುತ್ತದೆ. ಕರೆಯುವವರಿಗಾಗಿ ಕಾಯುತ್ತಿರುವವರಿಗೆ ಮಾತ್ರ ಅದು ಕಾಯುವ ಜಾಗವನ್ನು ಹತ್ತಿರ ಮಾಡಿಕೊಟ್ಟಂತೆ. ಹುಡುಗಿಯರ ಆಟ ನೋಡಿ ಹುರುಪೇರಿ ಒಂದು ರೇಡ್‌ಗೆ ಇಳಿದರೆ ಮೊಣಕಾಲಿನ ಗತಿಯೂ ಅಷ್ಟೇ.

ಬದಲಿಗೆ, ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಕನಿಷ್ಠ ಲೆಕ್ಕ ಹಿಡಿಯಿರಿ ಎಂದೆ: ವಾರಕ್ಕೆ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಮೊಣಕಾಲಿಗೆ ಯಾವುದು ಸರಿ ಎಂಬುದನ್ನು ಫಿಸಿಯೋಥೆರಪಿಸ್ಟ್ ಹೇಳಬೇಕು.

“ಇಷ್ಟೇನಾ? ಇದು ನಮ್ಮ ವಾರ್ಮಪ್!” ಎಂದು ನಕ್ಕರು.

ಇಷ್ಟೇ. ಆದರೆ ತಟ್ಟೆಯಲ್ಲಿ ಇನ್ನೂ ಎರಡು ಹೊತ್ತು ಅಭ್ಯಾಸ ಮಾಡುವವರ ಊಟವಿದೆಯಲ್ಲ, ಅದನ್ನೂ ಇಳಿಸಬೇಕು ಎಂದೆ. ನಗು ನಿಂತಿತು.

ಜೊತೆಗೆ, ತಮಗೆ ಬಾರದ ಏನಾದರೊಂದನ್ನು ಕಲಿಯಲು ಹೇಳಿದೆ. ಈಜು ಆರಿಸಿಕೊಂಡರು. ಅಲ್ಲಿ ಇವರ ಪದಕಗಳ ವಿಷಯ ಯಾರಿಗೂ ಗೊತ್ತಿಲ್ಲ. ಎಂಟು ವರ್ಷದ ಮಕ್ಕಳ ಪಕ್ಕದಲ್ಲಿ ಕಂಬಿ ಹಿಡಿದು ಕಾಲು ಬಡಿಯುತ್ತಾರೆ. ಆಳದ ಕಡೆಗೆ ಇನ್ನೂ ಹೋಗಿಲ್ಲ, ತೂಕವೂ ಹೇಳಿಕೊಳ್ಳುವಷ್ಟು ಇಳಿದಿಲ್ಲ. ವರ್ಷ ಕಳೆದ ಮೇಲೆ ಅವರಾಗಿಯೇ ತರಬೇತಿಯ ಮಾತೆತ್ತಿದರೆ ನಾನು ಬೇಡವೆನ್ನುವುದಿಲ್ಲ.