ಸಂಪಾದಕರ ಉತ್ತರ: ಸುಟೀನನ ಕೆಂಪು

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಅಚ್ಚಾದ ಖಾಯಿಮ್ ಸುಟೀನನ ವರ್ಣಚಿತ್ರದ ಬಗ್ಗೆ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಚರ್ಮ ಸುಲಿದು ತೂಗುಹಾಕಿದ ಎತ್ತಿನ ದೇಹವನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಡೀ ಪುಟಕ್ಕೆ ಹಾಕಿದ್ದೇಕೆ, ಸಾವನ್ನು ಇಷ್ಟು ಆಸೆಪಟ್ಟು ಬರೆದವನು ದೊಡ್ಡ ಕಲಾವಿದ ಹೇಗಾದಾನು ಎಂದು ಕೇಳಿದ್ದೀರಿ. ಚಿತ್ರದಲ್ಲಿ ಯಹೂದಿ ಧರ್ಮದ ಒಂದು ಗುರುತೂ ಇಲ್ಲದಿರುವಾಗ ಅಡಿಬರಹದಲ್ಲಿ ‘ಯಹೂದಿ ವಲಸಿಗ’ ಎಂದು ಅವನ ಹುಟ್ಟನ್ನು ಎತ್ತಿ ಹೇಳುವ ಅಗತ್ಯವೇನಿತ್ತು ಎಂಬುದು ನಿಮ್ಮ ಎರಡನೆಯ ಆಕ್ಷೇಪ. ಮಕ್ಕಳ ಕಣ್ಣಿಗೆ ಬೀಳದಂತೆ ಆ ಪುಟವನ್ನು ಮಡಚಿಟ್ಟೆ ಎಂದೂ ಬರೆದಿದ್ದೀರಿ.

ತಪ್ಪೊಂದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಅಂಥ ಚಿತ್ರಕ್ಕೆ ಎರಡೇ ಸಾಲಿನ ಅಡಿಬರಹ ಹಾಕಿ ನಾನು ಸುಮ್ಮನಾಗಬಾರದಿತ್ತು. ಅಲ್ಲಿ ಹೇಳದೆ ಬಿಟ್ಟದ್ದನ್ನು ಇಲ್ಲಿ ಹೇಳುತ್ತೇನೆ; ನಿಮ್ಮ ಎರಡೂ ಆಕ್ಷೇಪಗಳಿಗೆ ಉತ್ತರ ಒಂದೇ ಎಂಬುದು ನನ್ನ ನಂಬಿಕೆ.

ಸುಟೀನ್ ಹುಟ್ಟಿದ್ದು 1893ರಲ್ಲಿ, ಆಗ ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ, ಈಗ ಬೆಲಾರೂಸ್ ದೇಶದಲ್ಲಿರುವ, ಮಿನ್ಸ್ಕ್ ಹತ್ತಿರದ ಸ್ಮಿಲೋವಿಚಿ ಎಂಬ ಸಣ್ಣ ಊರಿನಲ್ಲಿ. ಹರಿದ ಬಟ್ಟೆಗೆ ಹೊಲಿಗೆ ಹಾಕಿ ಸಂಸಾರ ಸಾಕುತ್ತಿದ್ದ ಬಡವನ ಹನ್ನೊಂದು ಮಕ್ಕಳಲ್ಲಿ ಇವನು ಹತ್ತನೆಯವನು. ಜೀವಿಗಳ ರೂಪ ಮಾಡಬಾರದೆಂಬ ಧರ್ಮಾಜ್ಞೆಯನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಆ ಸಮುದಾಯದಲ್ಲಿ ಚಿತ್ರ ಬರೆಯುವ ಹುಡುಗನಿಗೆ ಸಿಗುತ್ತಿದ್ದದ್ದು ಏಟು. ಊರಿನ ಧಾರ್ಮಿಕ ಹಿರಿಯರೊಬ್ಬರ ಮುಖ ಬರೆಯಲು ಹೋಗಿ ಅವರ ಮಗನ ಕೈಯಲ್ಲಿ ಏಳಲಾರದಷ್ಟು ಪೆಟ್ಟು ತಿಂದ, ಅದಕ್ಕೆ ಪರಿಹಾರವಾಗಿ ಸಿಕ್ಕ 25 ರೂಬಲ್ ಹಿಡಿದು ಮಿನ್ಸ್ಕ್ ಪಟ್ಟಣಕ್ಕೆ ಚಿತ್ರ ಕಲಿಯಲು ಹೊರಟ ಎಂಬ ಪ್ರಸಂಗವನ್ನು ಅವನ ಬದುಕಿನ ಬಗ್ಗೆ ಬರೆದವರು ಬಹುತೇಕ ಬಿಡದೆ ಹೇಳುತ್ತಾರೆ. ಮುಂದೆ ವಿಲ್ನಾದ (ಈಗಿನ ವಿಲ್ನಿಯಸ್) ಕಲಾಶಾಲೆ, 1913ರ ಹೊತ್ತಿಗೆ ಪ್ಯಾರಿಸ್.

ಪ್ಯಾರಿಸ್ಸಿನಲ್ಲಿ ಅವನು ಸೇರಿಕೊಂಡದ್ದು ‘ಲಾ ರೂಶ್’ ಎಂಬ ಕಟ್ಟಡವನ್ನು. ಜೇನುಗೂಡು ಎಂದು ಅದರ ಅರ್ಥ. ಕಡಿಮೆ ಬಾಡಿಗೆಯ ಆ ಕೋಣೆಗಳಲ್ಲಿ ಪೂರ್ವ ಯುರೋಪಿನಿಂದ ಬಂದ ಬಡ ಕಲಾವಿದರು ತುಂಬಿದ್ದರು. ಅಲ್ಲಿನ ಹಸಿವನ್ನು ತಿಳಿಯಲು 1916ರ ಸುಮಾರಿಗೆ ಅವನು ಬರೆದ ಹೆರಿಂಗ್ ಮೀನುಗಳ ಚಿತ್ರವೊಂದನ್ನು ನೋಡಬೇಕು. ತಟ್ಟೆಯಲ್ಲಿ ಮೂರು ಒಣಕಲು ಮೀನು, ಎರಡು ಫೋರ್ಕುಗಳು, ಇನ್ನೊಂದೆರಡು ಪಾತ್ರೆ, ಇಷ್ಟೇ. ಆದರೆ ಆ ಫೋರ್ಕುಗಳು ಲೋಹದ ಸಾಮಾನಿನಂತೆ ಕಾಣುವುದಿಲ್ಲ. ಎಲುಬು ಎದ್ದ ಎರಡು ಕೈಗಳು ಬೆರಳು ಚಾಚಿ ಮೀನಿನ ಮೇಲೆ ಬಂದು ನಿಂತಂತಿವೆ. ಉಣ್ಣುವ ಮನುಷ್ಯ ಚಿತ್ರದಲ್ಲಿಲ್ಲ, ಅವನ ಹಸಿವು ಮಾತ್ರ ಮೇಜಿಗೆ ಬಂದಿದೆ. ಇದನ್ನು ಬರೆದವನು ಆಹಾರವನ್ನು ಆಸೆಪಟ್ಟು ಅನುಭವಿಸಿದವನಲ್ಲ. ಮುಂದೆ ಕೈಯಲ್ಲಿ ಹಣ ಬಂದಾಗಲೂ ಹೊಟ್ಟೆಯ ಹುಣ್ಣು ಅವನನ್ನು ಬೇಕಾದದ್ದು ತಿನ್ನಲು ಬಿಡಲಿಲ್ಲ.

ಹಣ ಬಂದದ್ದು ಒಮ್ಮೆಗೇ. ಇಟಲಿಯ ಯಹೂದಿ ಕಲಾವಿದ ಮೊದಿಲಿಯಾನಿ ಇವನನ್ನು ತಮ್ಮನಂತೆ ನೋಡಿಕೊಂಡು, ತನ್ನ ಚಿತ್ರಗಳನ್ನು ಮಾರುತ್ತಿದ್ದ ಜ್ಬೊರೊವ್ಸ್ಕಿಗೆ ಪರಿಚಯಿಸಿದ್ದ. ಜ್ಬೊರೊವ್ಸ್ಕಿ ಸುಟೀನನನ್ನು ದಕ್ಷಿಣ ಫ್ರಾನ್ಸಿನ ಪಿರನೀಸ್ ಬೆಟ್ಟಗಳ ತಪ್ಪಲಿನ ಸೆರೆ ಎಂಬ ಊರಿಗೆ ಕಳಿಸಿದ. 1919ರಿಂದ 1922ರವರೆಗೆ ಅಲ್ಲಿ ಬರೆದ ಚಿತ್ರಗಳಲ್ಲಿ ಮನೆ, ಮರ, ರಸ್ತೆಗಳೆಲ್ಲ ಭೂಕಂಪಕ್ಕೆ ಸಿಕ್ಕಂತೆ ವಾಲುತ್ತವೆ. ಆ ಹೊತ್ತಿಗೇ ಅಮೆರಿಕದ ಫಿಲಡೆಲ್ಫಿಯಾದಿಂದ ಬಂದ ಆಲ್ಬರ್ಟ್ ಬಾರ್ನ್ಸ್ ಎಂಬ ಸಂಗ್ರಾಹಕ, ಬಿಳಿಯ ಉಡುಪು ತೊಟ್ಟ ಮಿಠಾಯಿ ಅಡುಗೆಯವನೊಬ್ಬನ ಚಿತ್ರಕ್ಕೆ ಮರುಳಾಗಿ, ಸುಟೀನನ 50ಕ್ಕೂ ಹೆಚ್ಚು ಕೃತಿಗಳನ್ನು ಕೊಂಡ. ಸುಟೀನ್ ಮಾತ್ರ ಸೆರೆ ಊರಿನಲ್ಲಿ ಬರೆದ ಚಿತ್ರಗಳನ್ನು ಸಹಿಸದೆ ಮುಂದೆ ಸಿಕ್ಕಷ್ಟನ್ನು ಹುಡುಕಿ ಹರಿದುಹಾಕಿದ. ಉಳಿದವುಗಳನ್ನು ನೋಡಿದಾಗ ಹೋದವುಗಳ ಬಗ್ಗೆ ನನಗೆ ಸಂಕಟವಾಗುತ್ತದೆ.

ಇನ್ನು ನೀವು ಮಡಚಿಟ್ಟ ಪುಟದ ಮಾತು. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಡಚ್ ಕಲಾವಿದ ರೆಂಬ್ರಾಂಟ್ 1655ರಲ್ಲಿ ಬರೆದ ಸುಲಿದ ಎತ್ತಿನ ಚಿತ್ರವಿದೆ. ಸುಟೀನ್ ಅದನ್ನು ಮತ್ತೆ ಮತ್ತೆ ಹೋಗಿ ನೋಡುತ್ತಿದ್ದ. ಕಣ್ಣೆದುರು ವಸ್ತುವಿಲ್ಲದೆ ಅವನ ಕುಂಚ ಓಡುತ್ತಿರಲಿಲ್ಲ, ನೆನಪಿನಿಂದ ಬರೆಯುವುದು ಅವನ ಪದ್ಧತಿಯಾಗಿರಲಿಲ್ಲ. ಹಾಗಾಗಿ 1925ರ ಸುಮಾರಿಗೆ ಕಸಾಯಿಖಾನೆಯಿಂದ ಇಡೀ ಎತ್ತಿನ ದೇಹವನ್ನು ತರಿಸಿ ತನ್ನ ಕೋಣೆಯಲ್ಲಿ ತೂಗುಹಾಕಿದ. ದಿನ ಕಳೆದಂತೆ ಮಾಂಸದ ಬಣ್ಣ ಕಂದಿತು. ಅವನು ರಕ್ತ ತರಿಸಿ ಅದರ ಮೇಲೆ ಸುರಿಸಿ ಕೆಂಪನ್ನು ಮರಳಿಸಿಕೊಂಡು ಬರೆದ. ನಾತ ತಾಳಲಾರದೆ ನೆರೆಯವರು ದೂರು ಕೊಟ್ಟು, ಅಧಿಕಾರಿಗಳು ಮನೆ ಬಾಗಿಲಿಗೆ ಬಂದರು. ರೆಂಬ್ರಾಂಟನ ಚಿತ್ರದ ಹಿಂಬದಿಯ ಬಾಗಿಲಲ್ಲಿ ಒಬ್ಬ ಹೆಂಗಸು ಇಣುಕುತ್ತಾಳೆ, ಮನೆಗೆಲಸದ ಸುಳಿವು ಸಿಗುತ್ತದೆ. ಸುಟೀನನಲ್ಲಿ ಯಾರೂ ಇಲ್ಲ. ಕಡು ನೀಲಿಯ ಎದುರು ಆ ದೇಹವೊಂದೇ ಇದೆ. ಗಾಯವೇ ಬೆಳಕು ಬೀರುವಂತೆ ಕೆಂಪಿನೊಳಗೆ ಹಳದಿ, ಬಿಳಿ, ಕಿತ್ತಳೆ ಗೆರೆಗಳು ಉರಿಯುತ್ತವೆ. ನಮ್ಮ ಅಚ್ಚಿನಲ್ಲಿ ಅವೆಲ್ಲ ಕಪ್ಪಿಟ್ಟು ಬರೀ ಮಾಂಸ ಉಳಿಯಿತು, ಇದು ನಿಮಗಾದ ಇನ್ನೊಂದು ಅನ್ಯಾಯ.

ಅವನು ಗೆಳೆಯನೊಬ್ಬನಿಗೆ ಹೇಳಿದ್ದು ದಾಖಲಾಗಿದೆ. ಬಾಲ್ಯದಲ್ಲಿ ಊರಿನ ಕಟುಕ ಹಕ್ಕಿಯೊಂದರ ಕತ್ತು ಕೊಯ್ದು ರಕ್ತ ಬಸಿಯುವುದನ್ನು ಕಂಡು ಕೂಗಬೇಕೆನಿಸಿತಂತೆ, ಕಟುಕನ ಮುಖದ ಸಂತೋಷ ನೋಡಿ ಕೂಗು ಗಂಟಲಲ್ಲೇ ನಿಂತಿತಂತೆ. ಎತ್ತಿನ ಚಿತ್ರ ಬರೆಯುವಾಗಲೂ ಬಿಡುಗಡೆ ಮಾಡಹೊರಟದ್ದು ಆ ಕೂಗನ್ನೇ, ಅದು ಇನ್ನೂ ಹೊರಬಂದಿಲ್ಲ ಎಂದು ಅವನು ಹೇಳಿಕೊಂಡಿದ್ದ. ಯಹೂದಿ ಆಹಾರ ನಿಯಮದಲ್ಲಿ ರಕ್ತ ನಿಷಿದ್ಧ. ರಕ್ತವೇ ಜೀವ, ಅದನ್ನು ಉಣ್ಣಬಾರದು ಎಂದು ಅವರ ಧರ್ಮಗ್ರಂಥ ಹೇಳುತ್ತದೆ. ಮಾಂಸವನ್ನು ನೀರಲ್ಲಿ ನೆನೆಸಿ, ಉಪ್ಪು ಹಚ್ಚಿ, ಇರುವ ರಕ್ತವನ್ನೆಲ್ಲ ತೆಗೆದ ಮೇಲೆಯೇ ಅಡುಗೆ. ಬಸಿದುಹೋದ ಆ ಜೀವವನ್ನು ಸುಟೀನ್ ಬಕೆಟ್ಟಿನಲ್ಲಿ ತಂದು ಮತ್ತೆ ಆ ಸತ್ತ ದೇಹದ ಮೇಲೆ ಸುರಿದ ಎಂದು ನಾನು ಓದಿಕೊಳ್ಳುತ್ತೇನೆ. ಇದು ನನ್ನ ಓದು, ಅವನ ಹೇಳಿಕೆಯಲ್ಲ. ಆದರೆ ಅವನ ಹುಟ್ಟು ತಿಳಿಯದವರಿಗೆ ಈ ಕೆಂಪಿನ ಭಾರ ಅರ್ಧವಷ್ಟೇ ತಿಳಿದೀತು ಎಂದು ನನಗೆ ಅನ್ನಿಸುತ್ತದೆ. ಅದೇ ಸೀಮೆಯ, ಅದೇ ಜೇನುಗೂಡಿನಲ್ಲಿದ್ದ ಯಹೂದಿ ಕಲಾವಿದ ಶಗಾಲ್ ತನ್ನ ಊರಿನ ರಬ್ಬಿ (ಯಹೂದಿ ಧರ್ಮಗುರು), ಪಿಟೀಲು, ಮರದ ಮನೆಗಳನ್ನು ಜೀವನವಿಡೀ ಬರೆದ. ಸುಟೀನ್ ತನ್ನ ಊರನ್ನು ಒಮ್ಮೆಯೂ ಬರೆಯಲಿಲ್ಲ. ನೀವು ಹುಡುಕಿದ ಗುರುತುಗಳು ಸಿಗದಿರುವುದು ಅದಕ್ಕೇ.

ಅವನ ಸಾವಿನಲ್ಲೂ ಹುಟ್ಟಿನ ಪಾತ್ರವಿದೆ. 1940ರಲ್ಲಿ ಜರ್ಮನ್ನರು ಪ್ಯಾರಿಸ್ಸನ್ನು ಹಿಡಿದ ಮೇಲೆ ಅವನು ಯಹೂದಿ ಎಂದು ಹೆಸರು ನೋಂದಾಯಿಸಬೇಕಾಯಿತು. ಅವನ ಜೊತೆಗಿದ್ದ ಜರ್ಮನಿಯ ಯಹೂದಿ ನಿರಾಶ್ರಿತೆ ಗೆರ್ಡಾಳನ್ನು ಅದೇ ವರ್ಷ ಫ್ರೆಂಚ್ ಸರ್ಕಾರವೇ ಶಿಬಿರಕ್ಕೆ ಒಯ್ದಿತ್ತು. ಇಬ್ಬರೂ ಮತ್ತೆ ಸೇರಲಿಲ್ಲ. ತೂರೇನ್ ಪ್ರಾಂತದ ಹಳ್ಳಿಯೊಂದರಲ್ಲಿ ತಲೆಮರೆಸಿಕೊಂಡಿದ್ದಾಗ 1943ರ ಆಗಸ್ಟಿನಲ್ಲಿ ಹೊಟ್ಟೆಯ ಹುಣ್ಣು ಒಡೆಯಿತು. ತಪಾಸಣೆ ತಪ್ಪಿಸಿ ಸುತ್ತುದಾರಿಗಳಲ್ಲಿ ಪ್ಯಾರಿಸ್ಸಿಗೆ ತರುವಷ್ಟರಲ್ಲಿ ಹೊತ್ತು ಮೀರಿತ್ತು. ಶಸ್ತ್ರಚಿಕಿತ್ಸೆ ಫಲಿಸದೆ ಆಗಸ್ಟ್ 9ರಂದು ತೀರಿಕೊಂಡ. ಮೊಂಪರ್ನಾಸ್ ಸ್ಮಶಾನದಲ್ಲಿ ಅವನನ್ನು ಮಣ್ಣು ಮಾಡುವಾಗ ಸೇರಿದ ಕೆಲವೇ ಜನರಲ್ಲಿ ಪಿಕಾಸೊ ಒಬ್ಬ.

ಮಡಚಿದ ಪುಟವನ್ನು ಬಿಡಿಸಿ ಎಂದು ನಾನು ಒತ್ತಾಯಿಸಲಾರೆ, ಮಕ್ಕಳ ಬಗ್ಗೆ ನಿಮಗಿರುವ ಎಚ್ಚರ ಸರಿಯಾದದ್ದೇ. ಮುಂದಿನ ಸಂಚಿಕೆಯಲ್ಲಿ ಹೆರಿಂಗ್ ಮೀನುಗಳ ಚಿತ್ರವನ್ನು ಹಾಕುತ್ತೇವೆ, ಈ ಸಲ ಎದುರು ಪುಟದಲ್ಲಿ ಸರಿಯಾದ ಬರಹದೊಂದಿಗೆ. ಅದನ್ನು ನೋಡಿದ ಮೇಲೆ ಮತ್ತೊಮ್ಮೆ ಬರೆಯಿರಿ.

– ಸಂಪಾದಕ