ಎಲ್ಲರ ಮನಸ್ಸಿಗೂ ಒಂದೇ ಅಳತೆಗೋಲು ಬೇಡ, ಮೇಷ್ಟ್ರೇ

ಹಾಸನ ಜಿಲ್ಲೆಯ ನಿವೃತ್ತ ಶಿಕ್ಷಕರೊಬ್ಬರ ಪತ್ರ: "ದುಃಖಕ್ಕೆ, ಭಯಕ್ಕೆ ಒಬ್ಬೊಬ್ಬರ ಮೆದುಳು ಒಂದೊಂದು ರೀತಿ ಸ್ಪಂದಿಸುತ್ತದೆ, ಅದರಲ್ಲಿ ಜೀನ್‌ಗಳ ಪಾತ್ರವೂ ಇದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಇದು ಮಕ್ಕಳಿಗೆ ನೆಪ ಕೊಟ್ಟಂತೆ. ನಮ್ಮ ಕಾಲದಲ್ಲಿ ಇದಕ್ಕಿಂತ ಕಷ್ಟ ಪಟ್ಟೆವು, ಯಾರೂ ಕೋಣೆಯ ಬಾಗಿಲು ಹಾಕಿಕೊಂಡು ಕೂರಲಿಲ್ಲ. ನನ್ನ ಮೊಮ್ಮಗ ಪಿಯುಸಿಯಲ್ಲಿ ಎರಡು ವಿಷಯ ಫೇಲಾಗಿ ಊಟ ಬಿಟ್ಟಿದ್ದಾನೆ. ಧೈರ್ಯ ತಂದುಕೋ ಎಂದರೆ ಅಳುತ್ತಾನೆ. ಇದೂ ಜೀನೇ? ಹಾಗಿದ್ದರೆ ಒಂದು ಪರೀಕ್ಷೆ ಮಾಡಿಸಿಬಿಡಲೇ?"

ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ಒಂದು ಪಾಲು ನಿಜ ಇದೆ. ಮನಸ್ಸನ್ನು ಪಳಗಿಸಬಹುದು. ನಿಯಮಿತ ಅಭ್ಯಾಸ, ಒಳ್ಳೆಯ ಸ್ನೇಹ, ಮೈ ದಣಿಯುವ ಕೆಲಸ ಎಲ್ಲವೂ ನೆರವಾಗುತ್ತವೆ. ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ "ನಾವು ಸಹಿಸಿಕೊಂಡೆವು, ಅವನೂ ಸಹಿಸಿಕೊಳ್ಳಬೇಕು" ಅನ್ನುವ ನಿಮ್ಮ ಲೆಕ್ಕವನ್ನು ಮಾತ್ರ ನಾನು ಒಪ್ಪಲಾರೆ. ಈ ಲೆಕ್ಕ ನಮ್ಮ ಮನೆಗಳಲ್ಲಿ ಎಷ್ಟು ಮಕ್ಕಳನ್ನು ನೋಯಿಸಿದೆ ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ನಮ್ಮ ಮೆದುಳಿನ ಒಳಗೆ, ಎರಡೂ ಬದಿಯಲ್ಲಿ, ಬಾದಾಮಿ ಆಕಾರದ ಒಂದು ಪುಟ್ಟ ಭಾಗ ಇದೆ. ಅದರ ಹೆಸರು ಅಮಿಗ್ಡಲ. ಸಿಟ್ಟಿನ ಮುಖ, ಹೆದರಿದ ಮುಖ ಕಂಡ ಕೂಡಲೇ ಅದು ಚುರುಕಾಗುತ್ತದೆ. ಹಣೆಯ ಹಿಂದಿನ ಭಾಗ ಅದನ್ನು ಸಮಾಧಾನ ಮಾಡುತ್ತದೆ. ಈ ಎರಡರ ನಡುವಿನ ಹೊಂದಾಣಿಕೆ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. 2002ರಲ್ಲಿ ಅಮೆರಿಕದ ಅಹಮದ್ ಹರೀರಿ ಮತ್ತು ಸಂಗಡಿಗರು 28 ಮಂದಿಯ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಸೆರೊಟೋನಿನ್ ಎಂಬ ರಾಸಾಯನಿಕವನ್ನು ನರಕೋಶದೊಳಗೆ ಮತ್ತೆ ಎಳೆದುಕೊಳ್ಳುವ ಒಂದು ಪ್ರೋಟೀನ್ ಇದೆ. ಅದರ ಜೀನ್‌ನ ನಿಯಂತ್ರಣ ಭಾಗ ಕೆಲವರಲ್ಲಿ ಗಿಡ್ಡ, ಕೆಲವರಲ್ಲಿ ಉದ್ದ. ಗಿಡ್ಡ ರೂಪ ಇದ್ದವರ ಅಮಿಗ್ಡಲ ಹೆದರಿದ ಮತ್ತು ಸಿಟ್ಟಿನ ಮುಖಗಳಿಗೆ ಜಾಸ್ತಿ ಸ್ಪಂದಿಸಿತು. ಮರುವರ್ಷ ನ್ಯೂಜಿಲೆಂಡಿನ ಡನೀಡನ್ ಊರಿನಲ್ಲಿ ಹುಟ್ಟಿನಿಂದ ಹಿಂಬಾಲಿಸಿಕೊಂಡು ಬಂದಿದ್ದ 847 ಮಂದಿಯ ವರದಿ ಬಂತು. ಕಷ್ಟಗಳು ಎರಗಿದಾಗ ಗಿಡ್ಡ ರೂಪದವರು ಖಿನ್ನತೆಗೆ ಬೀಳುವ ಸಾಧ್ಯತೆ ಹೆಚ್ಚು ಎಂದು ಅದು ಹೇಳಿತು. ಪತ್ರಿಕೆಗಳಿಗೆ ಹಬ್ಬ. 'ದುಃಖದ ಜೀನ್ ಸಿಕ್ಕಿತು' ಎಂಬ ಸುದ್ದಿ ಎಲ್ಲೆಡೆ.

ಮುಂದಿನ ಕಥೆ ಅಷ್ಟು ಸಲೀಸಾಗಿ ನಡೆಯಲಿಲ್ಲ. 2009ರಲ್ಲಿ 14 ಅಧ್ಯಯನಗಳ 14,250 ಮಂದಿಯ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದಾಗ ಆ ಜೀನ್‌ನ ಸಂಬಂಧ ನಿಲ್ಲಲಿಲ್ಲ. ನಿಂತದ್ದು ಒಂದೇ: ಬದುಕಿನ ಪೆಟ್ಟು ಹೆಚ್ಚಾದಂತೆ ಖಿನ್ನತೆ ಹೆಚ್ಚು. 2019ರಲ್ಲಿ ಲಕ್ಷಗಟ್ಟಲೆ ಜನರ ಮಾಹಿತಿ ಹಿಡಿದು ಇಂಥ 18 ಹೆಸರಾಂತ ಜೀನ್‌ಗಳನ್ನು ಪರೀಕ್ಷಿಸಿದರು. ಬೇರೆ ಯಾವುದೋ ಜೀನ್‌ಗಳನ್ನು ಕಣ್ಣು ಮುಚ್ಚಿ ಆರಿಸಿಕೊಂಡಿದ್ದರೂ ಫಲ ಇಷ್ಟೇ ಇರುತ್ತಿತ್ತು ಎಂದು ಗೊತ್ತಾಯಿತು. ಕೆನಡಾದಲ್ಲಿ ಸುಮಾರು 200 ಮಂದಿಗೆ ಪದಗಳನ್ನು ಪಟಪಟನೆ ತೋರಿಸಿ, ಬೇರೊಂದು ಜೀನ್‌ನ ಒಂದು ರೂಪ ಇರುವವರು ಕೆಟ್ಟ ಅರ್ಥದ ಪದಗಳನ್ನು ಬೇಗ ಗುರುತಿಸುತ್ತಾರೆ ಎಂದು 2013ರಲ್ಲಿ ವರದಿ ಮಾಡಿದ್ದರು. ಅದನ್ನೂ ಈಗ ಎಚ್ಚರಿಕೆಯಿಂದಲೇ ಓದಬೇಕು.

"ನೋಡಿ, ನಾನು ಹೇಳಿದ್ದೇ ಸರಿ, ಜೀನ್ ಎಲ್ಲ ಸುಳ್ಳು" ಎಂದು ನೀವು ಈಗ ಅನ್ನಬಹುದು. ಇಲ್ಲ ಮೇಷ್ಟ್ರೇ. ಬಿದ್ದು ಹೋದದ್ದು 'ಒಂದು ಜೀನ್, ಒಂದು ದುಃಖ' ಅನ್ನುವ ಸುಲಭದ ಕಥೆ. ಮನುಷ್ಯರ ನಡುವಿನ ಹುಟ್ಟು ವ್ಯತ್ಯಾಸ ಅಲ್ಲೇ ಇದೆ. ತದ್ರೂಪಿ ಅವಳಿಗಳನ್ನೂ ಸಾಮಾನ್ಯ ಅವಳಿಗಳನ್ನೂ ಹೋಲಿಸಿದ ಅಧ್ಯಯನಗಳು, ಖಿನ್ನತೆಯ ವಿಷಯದಲ್ಲಿ ಜನರ ನಡುವಿನ ವ್ಯತ್ಯಾಸದಲ್ಲಿ ಶೇ. 37ರಷ್ಟು ಆನುವಂಶಿಕ ಎಂದು ಹೇಳುತ್ತವೆ. ಇದು ಒಬ್ಬ ಹುಡುಗನ ದುಃಖದಲ್ಲಿ 37 ಪಾಲು ಜೀನ್‌ದು ಎಂಬ ಅರ್ಥವಲ್ಲ. ಒಂದು ದೊಡ್ಡ ಗುಂಪಿನ ಲೆಕ್ಕ ಅದು. 2019ರಲ್ಲೇ 8 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಜಾಲಾಡಿ, ಖಿನ್ನತೆಯೊಂದಿಗೆ ನಂಟಿರುವ 102 ಜೀನ್ ವ್ಯತ್ಯಾಸಗಳನ್ನು ಗುರುತಿಸಿದರು. ಒಂದೊಂದರ ಪ್ರಭಾವವೂ ತೀರಾ ಚಿಕ್ಕದು. ಇಂಥವು ಇನ್ನೂ ಎಷ್ಟೋ ಇವೆ. ಅವೆಲ್ಲ ಸೇರಿ, ಮನೆ, ಬಡತನ, ಕಾಯಿಲೆ, ಸಾವು, ಪ್ರೀತಿ ಇವುಗಳ ಜೊತೆ ಬೆರೆತು ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ರೂಪಿಸುತ್ತವೆ. ನಿಮಗೂ ನಿಮ್ಮ ಮೊಮ್ಮಗನಿಗೂ ಬಿದ್ದ ಪೆಟ್ಟು ಒಂದೇ ಆಗಿದ್ದರೂ ನೋವು ಒಂದೇ ಆಗಬೇಕಿಲ್ಲ.

ನನ್ನ ಸೋದರತ್ತೆಗೆ ಇಬ್ಬರು ಗಂಡುಮಕ್ಕಳು. ಮಾವ ಹಠಾತ್ತನೆ ತೀರಿಕೊಂಡಾಗ ಇಬ್ಬರೂ ಓದುತ್ತಿದ್ದರು. ದೊಡ್ಡವನು ವೈಕುಂಠ ಸಮಾರಾಧನೆ ಮುಗಿದ ಮೇಲೆ ಕಾಲೇಜಿಗೆ ಹೊರಟ. ಚಿಕ್ಕವನಿಗೆ ಅಪ್ಪನ ಸ್ಕೂಟರಿನ ಸದ್ದಿನಂಥ ಸದ್ದು ಬೀದಿಯಲ್ಲಿ ಕೇಳಿದರೂ ಕೈ ನಡುಗುತ್ತಿತ್ತು. ಒಂದೇ ತಾಯಿಯ ಮಕ್ಕಳು, ಒಂದೇ ಮನೆಯ ಊಟ. ಬಂದ ನೆಂಟರೆಲ್ಲ "ಅಣ್ಣನನ್ನು ನೋಡಿ ಕಲಿ" ಎಂದೇ ಹೇಳಿ ಹೋದರು. ಒಬ್ಬರೂ ಅವನ ಹತ್ತಿರ ಸುಮ್ನೆ ಒಂದು ಗಳಿಗೆ ಕೂರಲಿಲ್ಲ. ಅಪ್ಪನನ್ನು ಕಳೆದುಕೊಂಡ ಹುಡುಗನ ಮೇಲೆ, ತಾನು ಕೈಲಾಗದವನು ಅನ್ನುವ ನಾಚಿಕೆಯನ್ನೂ ಹೇರಿದರು. ಅಣ್ಣ ತಮ್ಮಂದಿರೇ ಆದರೂ ತಂದೆ ತಾಯಿಯಿಂದ ಬಂದ ಜೀನ್ ರೂಪಗಳಲ್ಲಿ ಸರಾಸರಿ ಅರ್ಧದಷ್ಟು ಮಾತ್ರ ಇಬ್ಬರಿಗೂ ಒಂದೇ ಆಗಿರುತ್ತವೆ. ಇಷ್ಟು ತಿಳಿದಿದ್ದರೂ ಸಾಕಿತ್ತು, ಆ ಹೋಲಿಕೆ ಎಷ್ಟು ಅನ್ಯಾಯ ಎಂದು ಹೊಳೆಯುತ್ತಿತ್ತು.

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ನಮ್ಮ ನಾಲಿಗೆಯ ತುದಿಯಲ್ಲೇ ಇದೆ. ಅದನ್ನು ಯಾರ ಪರವಾಗಿ ಬಳಸುತ್ತೇವೆ ಗಮನಿಸಿ. ಮನೆಯ ಯಜಮಾನ ತಟ್ಟೆ ಎಸೆದರೆ "ಅವರ ಸಿಟ್ಟು ಹುಟ್ಟಿನಿಂದ ಬಂದದ್ದು, ನೀನೇ ಹೊಂದಿಕೊಂಡು ಹೋಗಮ್ಮಾ" ಅನ್ನುತ್ತೇವೆ. ಹದಿಹರೆಯದ ಹುಡುಗ ಅತ್ತರೆ ಮಾತ್ರ ಸೋಗು, ಸೋಮಾರಿತನ. ಹೆಂಡತಿ ಅತ್ತರೆ ನಾಟಕ. ಗಂಡಸಿನ ಸಿಟ್ಟಿಗೆ ಸಿಗುವ ಈ ವಿನಾಯಿತಿ ಮಕ್ಕಳ, ಹೆಂಗಸರ ಸಂಕಟಕ್ಕೆ ಯಾಕೆ ಸಿಗುವುದಿಲ್ಲ? ನನಗೆ ಬಹಳ ದಿನಗಳಿಂದ ಕೊರೆಯುತ್ತಿರುವ ಪ್ರಶ್ನೆ ಇದು.

ನೆಪದ ಮಾತಿಗೆ ಬರೋಣ. ಹುಟ್ಟಿನಿಂದ ಬಂದದ್ದು ಅಂದ ಮಾತ್ರಕ್ಕೆ ಬದಲಾಗದು ಎಂದಲ್ಲ. ದೂರದ್ದು ಮಸುಕಾಗಿ ಕಾಣುವ ಕಣ್ಣಿನ ದೋಷವೂ ವಂಶದಲ್ಲಿ ಬರುತ್ತದೆ, ಕನ್ನಡಕ ಹಾಕಿದರೆ ಕಾಣುತ್ತದೆ. ಕರಿಹಲಗೆ ಕಾಣದ ಹುಡುಗನಿಗೆ "ಧೈರ್ಯ ಮಾಡಿ ನೋಡು" ಎಂದು ನೀವು ತರಗತಿಯಲ್ಲಿ ಎಂದೂ ಹೇಳಿರಲಾರಿರಿ. ಮುಂದಿನ ಬೆಂಚಿಗೆ ಕರೆದಿರುತ್ತೀರಿ, ಅಲ್ವಾ?

ನಿಮ್ಮೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ನಿಮ್ಹಾನ್ಸ್ ಮುಂದೆ ನಿಂತು 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕಂಡದ್ದು ಇದು: ಬೇರೆ ಬೇರೆ ಮಾನಸಿಕ ತೊಂದರೆಗಳಿಗೆ ಚಿಕಿತ್ಸೆ ಸಿಗದವರು ಶೇ. 70ರಿಂದ 92. ತಾಲ್ಲೂಕು, ಹಳ್ಳಿಯ ಮಟ್ಟದಲ್ಲೇ ಮನಸ್ಸಿಗೆ ಚಿಕಿತ್ಸೆ ಕೊಡಬಹುದು ಎಂದು 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದವರು ನಾವು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆ ನಾಡಿನಲ್ಲೇ ಇವತ್ತಿಗೂ ಹೆಣ್ಣು ನೋಡಲು ಬಂದವರು "ನಿಮ್ಮ ಕಡೆ ಯಾರಿಗಾದರೂ ತಲೆ ಕೆಟ್ಟಿತ್ತಾ" ಎಂದು ವಿಚಾರಿಸುತ್ತಾರೆ. ಚಿಕ್ಕಪ್ಪ ಮಾತ್ರೆ ತಗೊಳ್ತಾರೆ ಎಂಬ ಕಾರಣಕ್ಕೆ ಸಂಬಂಧ ಮುರಿದದ್ದನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಜೀನ್ ಎಂಬ ಮಾತು ಹುಡುಗನ ಸಂಕಟ ಅರಿಯಲು ಬೇಡ, ಹುಡುಗಿಯನ್ನು ತಿರಸ್ಕರಿಸಲು ಮಾತ್ರ ಬೇಕು. ಇದು ಎಂಥ ನ್ಯಾಯ?

ಕೊನೆಗೆ ನೀವು ಕೇಳಿದ ಪರೀಕ್ಷೆ. ಉಗುಳು ಕಳಿಸಿದರೆ ಸ್ವಭಾವ ಹೇಳುತ್ತೇವೆ ಎನ್ನುವ ಜಾಹೀರಾತುಗಳು ಫೋನಿನಲ್ಲಿ ಬರುತ್ತಿರುತ್ತವೆ. ನಂಬಬೇಡಿ. ನಿಮ್ಮ ಮೊಮ್ಮಗ ಯಾಕೆ ಊಟ ಬಿಟ್ಟ ಎಂದು ಹೇಳುವ ಜೀನ್ ಪರೀಕ್ಷೆ ಇಂದು ಜಗತ್ತಿನಲ್ಲಿ ಎಲ್ಲೂ ಇಲ್ಲ. ಇಂಥ ಅಧ್ಯಯನಗಳಲ್ಲಿ ಬಹುಪಾಲು ಯುರೋಪ್ ಮೂಲದವರೇ ಇರುವುದರಿಂದ ಅವುಗಳ ಲೆಕ್ಕ ನಮ್ಮ ಜನಕ್ಕೆ ಇನ್ನೂ ಕಡಿಮೆ ಹೊಂದುತ್ತದೆ. ಆ ದುಡ್ಡು ಉಳಿಸಿ. 14416ಕ್ಕೆ ಕರೆ ಮಾಡಿ, ಅದು ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ; ಅಲ್ಲಿನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ಊಟ ಬಿಟ್ಟು ದಿನಗಳಾಗಿದ್ದರೆ, ಸಾಯುವ ಮಾತು ಆಡಿದ್ದರೆ ಇವತ್ತೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ನೀವೇ ಹೋಗಿ, ಬೇರೆಯವರ ಜೊತೆ ಕಳಿಸಬೇಡಿ. ದಾರಿಯಲ್ಲಿ ಫೇಲಾದ ವಿಷಯ ಎತ್ತಬೇಡಿ.

- ಸಂಪಾದಕ