ಪಿಕ್ಸೆಲ್ ಒಳಗೆ ಎಡಿಸಿ: ಮೊದಲು ಜಾಗ ಅಳೆಯಿರಿ

ಪ್ರಶ್ನೆ: ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಇಸಿ (ಎಲೆಕ್ಟ್ರಾನಿಕ್ಸ್) ಕೊನೆಯ ವರ್ಷದಲ್ಲಿದ್ದೇವೆ ಸರ್. ಪ್ರತಿ ಪಿಕ್ಸೆಲ್‌ಗೂ ಒಂದು ಎಡಿಸಿ (ವೋಲ್ಟೇಜನ್ನು ಅಂಕೆಯಾಗಿಸುವ ಸರ್ಕ್ಯೂಟ್) ಇರುವ ಕ್ಯಾಮೆರಾ ಸೆನ್ಸರ್ ನಮ್ಮ ಪ್ರಾಜೆಕ್ಟ್. 180 ನ್ಯಾನೊಮೀಟರ್ ಚಿಪ್ ತಂತ್ರಜ್ಞಾನ, 10 ಮೈಕ್ರಾನ್ ಪಿಕ್ಸೆಲ್, 8 ಬಿಟ್. ಲೇಔಟ್‌ನಲ್ಲಿ ಹಿಡಿಯುತ್ತಿಲ್ಲ. ಒಂದೇ ಪಿಕ್ಸೆಲ್ ಸಿಮ್ಯುಲೇಟ್ ಮಾಡಿದರೆ ಸರಿ, ಸಾಲಾಗಿ ಜೋಡಿಸಿದರೆ ನಡು ಬೆಳಕಿನಲ್ಲೂ ಕೆಲವು 255 (8 ಬಿಟ್‌ನ ಗರಿಷ್ಠ ಅಂಕೆ) ತೋರಿಸುತ್ತವೆ. ಏಕೆ?

ಉತ್ತರ: ಪ್ರತಿ ವರ್ಷ ಇದೇ ಪ್ರಶ್ನೆ, ಪ್ರತಿ ವರ್ಷ ಇದೇ ತಪ್ಪು. ಸರ್ಕ್ಯೂಟ್ ಬರೆದು ಮುಗಿಸಿ ಆಮೇಲೆ ಜಾಗ ಹುಡುಕುತ್ತೀರಿ. ನಿಮಗಿರುವುದು 100 ಚದರ ಮೈಕ್ರಾನ್. ಆರು ಟ್ರಾನ್ಸಿಸ್ಟರಿನ ಎಸ್‌ರ್ಯಾಮ್ ಮೆಮೊರಿ ಕೋಶ ಬಿಟ್‌ಗೊಂದರಂತೆ ಎಂಟು ಇಟ್ಟರೆ ಮೆಮೊರಿಗೇ 48 ಟ್ರಾನ್ಸಿಸ್ಟರ್ ಹೋಯಿತು. ಅದರಲ್ಲಿ ಪಿಮಾಸ್ ಎಂಬ ಬಗೆಯ ಟ್ರಾನ್ಸಿಸ್ಟರ್ ಇದೆ, ಪಿಮಾಸ್‌ಗೆ ಎನ್-ವೆಲ್ (ಸಿಲಿಕಾನಿನಲ್ಲಿ ಪ್ರತ್ಯೇಕ ಪ್ರದೇಶ) ಬೇಕು, ವೆಲ್‌ಗೂ ಬೆಳಕು ಹಿಡಿಯುವ ಫೋಟೊಡಯೋಡಿಗೂ ನಡುವೆ ಅಂತರ ಬಿಡಬೇಕು. ಸಾಲದ್ದಕ್ಕೆ ಬೆಳಕು ಹುಟ್ಟಿಸಿದ ಎಲೆಕ್ಟ್ರಾನುಗಳಲ್ಲಿ ಒಂದಷ್ಟನ್ನು ಆ ವೆಲ್ಲೇ ನುಂಗುತ್ತದೆ. 30-40 ಸೈಟಿನಲ್ಲಿ ಗೋಡೌನ್ ಕಟ್ಟಿ, ಮನೆಗೆ ಜಾಗವಿಲ್ಲ ಎಂದರೆ ಹೇಗೆ?

ಮೂರು ಎನ್‌ಮಾಸ್‌ನ ಡಿರ್ಯಾಮ್ (ಬಿಟ್ಟನ್ನು ಚಾರ್ಜ್ ಆಗಿ ಹಿಡಿದಿಡುವ ಮೆಮೊರಿ) ಕೋಶ ಹಾಕಿ. ಎಂಟು ಬಿಟ್‌ಗೆ 24 ಟ್ರಾನ್ಸಿಸ್ಟರ್, ವೆಲ್ ಬೇಕಿಲ್ಲ. ಸ್ಟ್ಯಾನ್‌ಫರ್ಡ್‌ನ ಅಬ್ಬಾಸ್ ಎಲ್ ಗಮಾಲ್ ತಂಡ 2001ರಲ್ಲಿ ಪ್ರಕಟಿಸಿದ ಚಿಪ್ ಇದೇ 180 ನ್ಯಾನೊಮೀಟರಿನದು: 9.4 ಮೈಕ್ರಾನ್ ಪಿಕ್ಸೆಲ್, 37 ಟ್ರಾನ್ಸಿಸ್ಟರ್, 352×288ರ ಚಿತ್ರ ಸೆಕೆಂಡಿಗೆ 10,000. ಅಷ್ಟು ಬಿಗಿದರೂ ಬೆಳಕಿಗೆ ಉಳಿದದ್ದು ಶೇ 15 ಜಾಗ. ನಿಮ್ಮದು ಶೇ 40 ಎಂದು ವರದಿಯಲ್ಲಿ ಬರೆಯಬೇಡಿ, ನಂಬುವವರಿಲ್ಲ.

ಡಿರ್ಯಾಮ್ ಸೋರುತ್ತದೆ. 5 ಫೆಮ್ಟೊಫ್ಯಾರಡ್ ನೋಡ್‌ನಿಂದ 1 ಪಿಕೊಆಂಪಿಯರ್ ಸೋರಿದರೆ 2.5 ಮಿಲಿಸೆಕೆಂಡಿಗೆ ಅರ್ಧ ವೋಲ್ಟ್ ಖಾಲಿ. ಬೆಳಕು ಬಿದ್ದರೆ ಸೋರಿಕೆ ಇನ್ನೂ ಹೆಚ್ಚು. ಮೆಮೊರಿಯ ಮೇಲೆ ಲೋಹದ ಪದರ ಮುಚ್ಚಿ, ಪರಿವರ್ತನೆ ಮುಗಿದ ಕೂಡಲೇ ಪೂರ್ತಿ ಚಿತ್ರ ಓದಿ ಹೊರಗೆ ಹಾಕಿ.

ಇನ್ನು 255. ಏರುವ ರ‍್ಯಾಂಪ್ ವೋಲ್ಟೇಜ್ ಪಿಕ್ಸೆಲ್ ವೋಲ್ಟೇಜನ್ನು ದಾಟಿದಾಗ ಅವೆರಡನ್ನು ಹೋಲಿಸುವ ಕಂಪೇರೇಟರ್ ತಿರುಗುತ್ತದೆ, ಆ ಹೊತ್ತಿನ ಕೌಂಟರ್ ಅಂಕೆ ಮೆಮೊರಿಗೆ ಹೋಗುತ್ತದೆ. ಬೈನರಿ ಕೌಂಟರನ್ನೇ ಎಲ್ಲ ಪಿಕ್ಸೆಲ್‌ಗೂ ಎಳೆದಿದ್ದೀರಿ ತಾನೆ? 127ರಿಂದ 128ಕ್ಕೆ ಹೋಗುವಾಗ ಎಂಟೂ ಬಿಟ್ ಬದಲಾಗುತ್ತವೆ. ಉದ್ದದ ತಂತಿಯಲ್ಲಿ ಒಂದೊಂದು ಬಿಟ್ ಒಂದೊಂದು ಹೊತ್ತಿಗೆ ತಲುಪುತ್ತದೆ. ಕಂಪೇರೇಟರ್ ಆ ಗಳಿಗೆಯಲ್ಲೇ ತಿರುಗಿದರೆ 0ಯಿಂದ 255ರವರೆಗೆ ಏನು ಬೇಕಾದರೂ ಮೆಮೊರಿಗೆ ಬೀಳಬಹುದು. ಗ್ರೇ ಕೋಡ್ ಕಳಿಸಿ: ಪ್ರತಿ ಹೆಜ್ಜೆಗೆ ಒಂದೇ ಬಿಟ್ ಬದಲಾಗುವುದರಿಂದ ಎಡವಿದರೂ ಒಂದು ಅಂಕೆ ಆಚೀಚೆ, ಅಷ್ಟೇ. ಅದನ್ನು ಬೈನರಿ ಮಾಡಲು ಏಳು ಎಕ್ಸಾರ್ ಗೇಟ್ ಸಾಕು, ಅವು ಪಿಕ್ಸೆಲ್ ಹೊರಗಿರಲಿ.

ಕಂಪೇರೇಟರ್ ಗೇನ್ (ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು) ಕೂಡ ನೋಡಿಕೊಳ್ಳಿ. 1 ವೋಲ್ಟ್ ರ‍್ಯಾಂಪಿಗೆ 8 ಬಿಟ್ ಎಂದರೆ ಹೆಜ್ಜೆಗೆ 3.9 ಮಿಲಿವೋಲ್ಟ್, ಔಟ್‌ಪುಟ್ 1.8 ವೋಲ್ಟ್ ತಿರುಗಲು 460ಕ್ಕೂ ಹೆಚ್ಚು ಗೇನ್ ಬೇಕು. ಆಟೊ-ಜೀರೊ (ಆಫ್‌ಸೆಟ್ ಎಂಬ ಹುಟ್ಟು ದೋಷ ಕಳೆಯುವ ಹಂತ) ಮಾಡದಿದ್ದರೆ ಪ್ರತಿ ಪಿಕ್ಸೆಲ್‌ನ ಆಫ್‌ಸೆಟ್ ಚಿತ್ರದ ಮೇಲೆ ಕಲೆಯಾಗಿ ಕೂರುತ್ತದೆ.

ಪ್ರಶ್ನೆ: 10 ಬಿಟ್ ಮಾಡಿದರೆ ಮಾರ್ಕ್ಸ್ ಜಾಸ್ತಿ ಬರುತ್ತಾ?

ಉತ್ತರ: ಮೊದಲು 8 ಬಿಟ್ ಹಿಡಿಸಿ.

ಪ್ರಶ್ನೆ: ಪ್ರಾಜೆಕ್ಟ್ ಸೆಂಟರ್‌ನವರು ಓವಿ7670 ಕ್ಯಾಮೆರಾ ಕೊಟ್ಟು ‘ಇದೇ ಡಿಜಿಟಲ್ ಪಿಕ್ಸೆಲ್ ಕಿಟ್’ ಎನ್ನುತ್ತಾರೆ. ಕೊಳ್ಳಬಹುದೇ?

ಉತ್ತರ: ಅದರಲ್ಲಿ ಎಡಿಸಿ ಇರುವುದು ಪಿಕ್ಸೆಲ್‌ಗಳ ಹೊರಗೆ. ಔಟ್‌ಪುಟ್ ಡಿಜಿಟಲ್ ಆದ ಮಾತ್ರಕ್ಕೆ ಪಿಕ್ಸೆಲ್ ಡಿಜಿಟಲ್ ಆಗದು. ಹೀಗೆ ಮಾರುವವರಿಗೆ ದುಡ್ಡು ಕೊಟ್ಟು ವೈವಾದಲ್ಲಿ ಸಿಕ್ಕಿಬೀಳಬೇಡಿ.

ಪ್ರಶ್ನೆ: ಚಿತ್ರದುರ್ಗದ ಕೋಟೆಯಲ್ಲಿ ಮಧ್ಯಾಹ್ನ ಮೊಬೈಲಿನಲ್ಲಿ ಫೋಟೊ ತೆಗೆದರೆ ಬಂಡೆಗಳೆಲ್ಲ ಬೆಳ್ಳಗೆ. ಇಂಥ ಸೆನ್ಸರ್ ಬೇಕೇ?

ಉತ್ತರ: ಬೇಡ. ಪರದೆಯಲ್ಲಿ ಬಂಡೆಯ ಮೇಲೆ ಬೆರಳಿಟ್ಟು ಎಕ್ಸ್‌ಪೋಶರ್ ಇಳಿಸಿ.